ಮಕ್ಕಳಿಗೆ ಚರಿತ್ರೆ ಮತ್ತು ಪೌರನೀತಿಯ ಪುಸ್ತಕಗಳು

(ಕಾಸರಗೋಡು ಸೀಮೆಯ ಗ್ರಾಮವೊಂದರ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ವಾಚನಾಲಯಕ್ಕೆ ಮಕ್ಕಳ ಪುಸ್ತಕಗಳನ್ನು ಕೊಳ್ಳಬೇಕೆಂದು ನೀವು ನಿಶ್ಚಯಿಸಿರುವಿರಿ. ಕಥೆ ಪದ್ಯಗಳನ್ನು ಆರಿಸಲು ನನ್ನ ಸಲಹೆ ಬೇಕಿಲ್ಲ, ಮಕ್ಕಳೇ ಆರಿಸಿಕೊಳ್ಳುವರು. ಚರಿತ್ರೆ ಮತ್ತು ಪೌರನೀತಿಯ ವಿಷಯದಲ್ಲಿ ಮಾತ್ರ ಕೆಲವು ಮಾತುಗಳನ್ನು ಅರಿಕೆ ಮಾಡುವೆನು.

1928ರ ಬೇಸಗೆಯಲ್ಲಿ ಜವಾಹರಲಾಲ ನೆಹರೂ ಅವರು ಮಸ್ಸೂರಿಯಲ್ಲಿದ್ದ ತಮ್ಮ ಹತ್ತು ವರ್ಷದ ಮಗಳಿಗೆ ಬರೆದ ಪತ್ರಗಳು ಮರುವರ್ಷ ಪುಸ್ತಕವಾದುವು. ಅದು ಅರಸರ ವಂಶಾವಳಿಯಿಂದ ಆರಂಭವಾಗುವುದಿಲ್ಲ. ಭೂಮಿ, ಬೆಟ್ಟ, ಕಲ್ಲುಗಳಿಂದ ಆರಂಭವಾಗುತ್ತದೆ. ಬಾಲಕರ ಚರಿತ್ರೆ ಹೀಗೆಯೇ ಕಣ್ಣೆದುರಿನಿಂದ ಹೊರಡಬೇಕು. ನಮ್ಮ ಮಕ್ಕಳ ಕಣ್ಣೆದುರಿಗೆ ಬೇಕಲದ ಕೋಟೆಯಿದೆ. ಕೆಳದಿಯ ನಾಯಕರ ಆಳ್ವಿಕೆ ಇಲ್ಲಿಯವರೆಗೆ ಹೇಗೆ ಹಬ್ಬಿತು, ಹೈದರ್ ಟೀಪುಗಳ ತರುವಾಯ 1799ರಲ್ಲಿ ಈ ಸೀಮೆ ಕಂಪೆನಿಯ ಕೈಸೇರಿದುದು ಹೇಗೆ, 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋದಾಗ ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಏಕೆ ಉಳಿಯಿತು, ಎಂದು ಕೋಟೆಯ ಮೇಲೆ ನಿಂತ ಹುಡುಗನು ಕೇಳಿದರೆ ಉತ್ತರಿಸುವ ಪುಸ್ತಕ ಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದು 1967ರ ಮಹಾಜನ ಆಯೋಗದ ವರದಿ ಹೇಳಿತು, ಅದು ಕಾರ್ಯಗತವಾಗಲಿಲ್ಲ. ಇದನ್ನು ಮಕ್ಕಳಿಗೆ ಹೇಳೋಣ. ಆದರೆ ಅದೇ ವರದಿಯು ಮೈಸೂರಿನ ಹಲವು ಗ್ರಾಮಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕೆಂದೂ ಹೇಳಿತ್ತು. ನಮಗೆ ಒಪ್ಪುವ ಪುಟವನ್ನು ಅಚ್ಚುಮಾಡಿ ಒಪ್ಪದ ಪುಟವನ್ನು ಹರಿದುಹಾಕಿದ ಪುಸ್ತಕವನ್ನು, ಅದು ಕನ್ನಡದಲ್ಲಿಯೇ ಇದ್ದರೂ, ನಾನು ಕೊಳ್ಳಲಾರೆ.

ಇನ್ನು ಪೌರನೀತಿ. ರಾಷ್ಟ್ರಪತಿ, ರಾಜ್ಯಪಾಲರ ಹೆಸರುಗಳನ್ನು ಬಾಯಿಪಾಠ ಮಾಡಿಸುವ ಪುಸ್ತಕಗಳು ಬೇಕಾದಷ್ಟಿವೆ. ಪರೀಕ್ಷೆ ಮುಗಿದ ಮರುದಿನ ಅವು ಮರೆತುಹೋಗುತ್ತವೆ. ನಮ್ಮ ಮಕ್ಕಳು ಅರಿಯಬೇಕಾದುದು ಬೇರೆ. ಭಾರತದ ಸಂವಿಧಾನದ 350ನೆಯ ಅನುಚ್ಛೇದದ ಮೇರೆಗೆ, ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ವಿಧಿಸಿದೆ. ಶಾಲೆಗೆ ಕನ್ನಡ ಉಪಾಧ್ಯಾಯರು ಬಾರದಿದ್ದರೆ ಯಾರಿಗೆ ಬರೆಯಬೇಕು, ಗ್ರಾಮಸಭೆಯಲ್ಲಿ ಎದ್ದುನಿಂತು ಹೇಗೆ ಕೇಳಬೇಕು, ಇವು ಆ ಪುಸ್ತಕದಲ್ಲಿರಲಿ. ಕನ್ನಡದಲ್ಲಿ ಬರೆದ ಮನವಿಯ ಮಾದರಿಯೂ ಒಂದಿರಲಿ.

ಒಂದೇ ಬಿನ್ನಹ ಉಳಿಯಿತು. ಪುಸ್ತಕ ಬಂದಮೇಲೆ, ಹಾಳಾದೀತೆಂದು ಬೀರುವಿಗೆ ಬೀಗ ಹಾಕಬೇಡಿರಿ. ಎರಡು ವರ್ಷದಲ್ಲಿ ಹರಿದುಹೋದರೆ ಇನ್ನೊಂದು ಪ್ರತಿಯ ಹಣವನ್ನು ಈ ಸಭೆಯಲ್ಲಿಯೇ ಕೂಡಿಸೋಣ.