ಕೆಲಸ ಮುಗಿಯದಿದ್ದರೂ ಸಂತೋಷ



ಯಹೂದಿಗಳ ನಂಬಿಕೆ ಮತ್ತು ದಿನಚರಿಯ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ. ಮುಂಬಯಿಯಲ್ಲಿರುವ ನಮಗೆ ಇದು ದೂರದ ವಿಷಯವಲ್ಲ. ಪಕ್ಕದ ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯ ಶತಮಾನಗಳ ಕಾಲ ಬಾಳಿದೆ. ಮನೆಮಾತು ಮರಾಠಿ, ಕಸುಬು ಎಣ್ಣೆಗಾಣವಾಗಿತ್ತು. ಹರಕೆ, ಶುಭಕಾರ್ಯಗಳಲ್ಲಿ ಅವರು ಮಾಡುವ ಮಲೀದಾ ಎಂದರೆ ಅವಲಕ್ಕಿಗೆ ತೆಂಗಿನತುರಿ, ಸಿಹಿ ಬೆರೆಸಿದ ಪ್ರಸಾದ! ಶನಿವಾರ ಮಾತ್ರ ಅವರ ಗಾಣ ತಿರುಗುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು.

ಪ್ರತಿ ವಾರ ಒಂದು ದಿನದ ಗಳಿಕೆ ಬಿಡಲು ಗಟ್ಟಿ ನಂಬಿಕೆ ಬೇಕು. ಆ ದಿನದ ಹೆಸರು ಶಬ್ಬಾತ್. ಶುಕ್ರವಾರ ಸೂರ್ಯ ಮುಳುಗುವ ಸುಮಾರು 18 ನಿಮಿಷ ಮೊದಲು ಮನೆಯೊಡತಿ ದೀಪ ಹಚ್ಚಿ, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ. ಅಲ್ಲಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ 39 ಬಗೆಯ ಕೆಲಸಗಳು ನಿಷಿದ್ಧ. ಬಿತ್ತುವುದು, ಹೊಲಿಯುವುದು, ಬರೆಯುವುದು, ಬೆಂಕಿ ಹೊತ್ತಿಸುವುದು, ಎಲ್ಲವೂ ಅದರಲ್ಲಿ ಸೇರಿವೆ.

ವಾರದ ಕೆಲಸ ಮುಗಿಯದಿದ್ದರೆ? ಎಲ್ಲ ಮುಗಿದಿದೆ ಎಂಬ ಭಾವದಿಂದಲೇ ವಿಶ್ರಮಿಸಬೇಕು ಎಂದು ಅವರ ಪ್ರಾಚೀನ ಗುರುಗಳು ಹೇಳಿದ್ದಾರೆ. ಐಟಿಯಲ್ಲಿರುವ ನನಗೆ ಈ ಮಾತು ಬಹಳ ಹಿಡಿಸಿತು. ನಮ್ಮಲ್ಲಿ ಟಿಕೆಟ್‌ಗಳ ಪಟ್ಟಿ ಖಾಲಿಯಾಗುವ ದಿನವೇ ಇಲ್ಲ. ಮನೆಯಲ್ಲೂ ಅಷ್ಟೇ, ಪಾತ್ರೆ ತೊಳೆದು ಕೈ ಒರೆಸುವಷ್ಟರಲ್ಲಿ ಸಿಂಕಿಗೆ ಇನ್ನೊಂದು ಕಾಫಿ ಲೋಟ ಬಂದಿರುತ್ತದೆ. ಎಲ್ಲ ಮುಗಿಸಿ ಆಮೇಲೆ ಕೂರುತ್ತೇನೆ ಎನ್ನುವವಳಿಗೆ ಕೂರುವ ಹೊತ್ತು ಬರುವುದೇ ಇಲ್ಲ.

ಒಂದು ಮಾತು ಮರೆಯಬಾರದು. ಶನಿವಾರ ಒಲೆ ಹಚ್ಚುವಂತಿಲ್ಲವಾದ್ದರಿಂದ ಅಡುಗೆಯೆಲ್ಲ ಶುಕ್ರವಾರವೇ ಆಗಬೇಕು. ಆ ಓಡಾಟ ಹೆಚ್ಚಾಗಿ ಹೆಂಗಸರದೇ. ಗೌರಿಹಬ್ಬದ ಹಿಂದಿನ ದಿನ ಗೊತ್ತಿರುವ ನಿಮಗೆ ಇದನ್ನು ವಿವರಿಸಬೇಕಿಲ್ಲ. ಶಬ್ಬಾತ್‌ನ ಆಜ್ಞೆ ಮಗ, ಮಗಳು, ಆಳು, ಕೆಲಸದವಳು, ದನಕರು, ಊರಿಗೆ ಬಂದ ಪರಕೀಯರು, ಎಲ್ಲರಿಗೂ ವಿಶ್ರಾಂತಿ ಕೊಡಬೇಕೆನ್ನುತ್ತದೆ. ಪಟ್ಟಿಯಲ್ಲಿ ಹೆಂಡತಿಯೇ ಇಲ್ಲ! ‘ನೀನು’ ಎಂಬುದರಲ್ಲೇ ಅವಳೂ ಸೇರಿದ್ದಾಳೆ ಎಂದು ವ್ಯಾಖ್ಯಾನಿಸುವವರಿದ್ದಾರೆ. ಆದರೆ ಕೆಲಸದವಳು ಪಟ್ಟಿಯಲ್ಲಿ ಸ್ಪಷ್ಟವಾಗಿ ಇದ್ದಾಳೆ.

ಉಳಿದ ಆರು ದಿನ? ದಿನಕ್ಕೆ 100 ಸಲ ದೇವರಿಗೆ ಕೃತಜ್ಞತೆ ಹೇಳಬೇಕು ಎಂಬುದು ತಾಲ್ಮುದ್ ಗ್ರಂಥದ ಬೋಧನೆ. ಎಚ್ಚರವಾದಾಗ ಒಂದು, ಹಣ್ಣು ತಿನ್ನುವಾಗ ಒಂದು, ಗುಡುಗು ಕೇಳಿದಾಗ ಒಂದು, ಶೌಚಾಲಯದಿಂದ ಬಂದ ಮೇಲೂ ಒಂದು! ನಗಬೇಡಿ. ದೇಹದ ನಾಳಗಳು ಸರಿಯಾಗಿ ಕೆಲಸ ಮಾಡಿದ್ದಕ್ಕೆ ಆ ಕೃತಜ್ಞತೆ. ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡಿಕೊಂಡವರಿಗೆ ಅದರ ಬೆಲೆ ಗೊತ್ತು.

ಸಂತೋಷವಾಗಿರುವುದೇ ದೊಡ್ಡ ಧರ್ಮ ಎಂದು ಬೋಧಿಸಿದವರು ಉಕ್ರೇನಿನ ರಬ್ಬಿ ನಖ್ಮಾನ್. ಹುಟ್ಟಿದ್ದು 1772ರಲ್ಲಿ. ಅವರ ಬದುಕು ಸುಖದ್ದಲ್ಲ. ಮಕ್ಕಳನ್ನು ಕಳೆದುಕೊಂಡರು, ಹೆಂಡತಿಯನ್ನು ಕಳೆದುಕೊಂಡರು, ಕ್ಷಯರೋಗದಿಂದ 1810ರಲ್ಲಿ 38ನೇ ವಯಸ್ಸಿಗೆ ತೀರಿಕೊಂಡರು. ನಿಮ್ಮಲ್ಲಿ ಏನೂ ಒಳ್ಳೆಯದಿಲ್ಲ ಅನಿಸಿದಾಗ ಒಂದೇ ಒಂದು ಒಳ್ಳೆಯ ಅಂಶ ಹುಡುಕಿ, ಅಲ್ಲಿಂದ ಮೇಲೇಳಿ ಎಂದರು. ದುಃಖ ಬಿಡದಿದ್ದರೆ ಹುಚ್ಚಾಟವಾಡಿಯಾದರೂ ನಗಿ ಎಂದರು. ಪ್ರಾರ್ಥನೆಯ ಭಾಷೆ ಹೀಬ್ರೂ ಆಗಿದ್ದರೂ, ದಿನವೂ ಸ್ವಲ್ಪ ಹೊತ್ತು ಏಕಾಂತದಲ್ಲಿ ಮನೆಮಾತಿನಲ್ಲೇ ದೇವರೊಡನೆ ಮಾತಾಡಿ ಎಂದರು. ದಿನವಿಡೀ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ವ್ಯವಹರಿಸಿ, ಕಷ್ಟ ಹೇಳಿಕೊಳ್ಳಲು ಮಾತ್ರ ಕನ್ನಡವನ್ನೇ ಹುಡುಕುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನಾವು ಯಾರ ಆಚಾರವನ್ನೂ ನಕಲು ಮಾಡಬೇಕಿಲ್ಲ. ವಾರದಲ್ಲಿ ಒಂದಷ್ಟು ಗಂಟೆ ಫೋನ್ ಬದಿಗಿಟ್ಟು, ಬಾಕಿ ಕೆಲಸ ಬಾಕಿಯೇ ಇರಲಿ ಎಂದು ಕೂರೋಣ. ಮುಂಚಿನ ದಿನದ ತಯಾರಿಯಲ್ಲಿ ಗಂಡಸರೂ ಕೈಹಾಕಲಿ. ನಮ್ಮ ಮನೆಗೆ ಬರುವ ಕೆಲಸದಾಕೆಗೂ ಸಂಬಳ ಕಡಿಯದೆ ವಾರಕ್ಕೊಂದು ರಜೆ ಕೊಡೋಣ. ಅವಳನ್ನು ದುಡಿಸಿ ನಾವು ಪಡೆಯುವ ವಿರಾಮ ಅರ್ಧ ವಿರಾಮ.