ಹಿಡಿ ಮೇವಿನ ದಯೆ

ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಒಂದು ಸಮಾಧಿ ಇದೆ. ಛತ್ರಪತಿ ಶಿವಾಜಿಯ ತಂದೆ ಷಹಾಜಿಯದು. 1664ರ ಜನವರಿಯಲ್ಲಿ ಆ ಸೀಮೆಯಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಅವನು ತೀರಿಕೊಂಡ. ಸವಾರನಿಗೆ ಸಮಾಧಿಯಾಯಿತು, ಚರಿತ್ರೆಯಲ್ಲಿ ಜಾಗ ಸಿಕ್ಕಿತು. ಕುದುರೆಯ ಗತಿ ಏನಾಯಿತು ಎಂದು ಅಲ್ಲಿಗೆ ಹೋದವರು ಕೇಳುವುದಿಲ್ಲ. ಹಾಗೆ ಕೇಳುವ ರೂಢಿ ನಮಗಿಲ್ಲ.

ಆದರೆ ನಮ್ಮ ಬದುಕು ಎಷ್ಟೋ ಕಾಲ ಮೂಕಪ್ರಾಣಿಗಳ ಬೆನ್ನ ಮೇಲೆಯೇ ನಡೆದುಬಂದಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಡೆದುಕೊಳ್ಳುವ ಊರು. ಅವರ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಲದೇಣಿ, ಅಂದರೆ ಸರಕು ಸಾಗಣೆಗೆ, ಹೋಗುತ್ತಿದ್ದವರು. ಬಸ್ಸು ಇಳಿದವರನ್ನು ಮನೆ ಮುಟ್ಟಿಸುತ್ತಿದ್ದ ಜಟಕಾ ಕುದುರೆಯನ್ನು ನಮ್ಮಲ್ಲಿ ಹಿರಿಯರು ಇನ್ನೂ ಮರೆತಿಲ್ಲ. ಈಗಲೂ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆ ಬಯಲಿಗೆ ದೂರದಿಂದ ಕುರಿಹಿಂಡುಗಳು ಬರುತ್ತವೆ. ಗೊಬ್ಬರಕ್ಕೆಂದು ರೈತರು ರಾತ್ರಿ ಗದ್ದೆಯಲ್ಲಿ ಕುರಿ ನಿಲ್ಲಿಸುತ್ತಾರೆ. ಕೆಲವು ಹಿಂಡುಗಳ ಜೊತೆ ಒಂದು ತಟ್ಟು ಇರುತ್ತದೆ. ಕುರಿಗಾಹಿಯ ಸಂಸಾರವೆಲ್ಲ ಅದರ ಬೆನ್ನ ಮೇಲೆಯೇ: ಪಾತ್ರೆ, ಕಂಬಳಿ, ಬಲೆ, ನಡೆಯಲಾರದ ಎಳೆ ಮರಿ.

ಸರಿಯಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಅಷ್ಟೂ ವರ್ಷ ಅದು ಹೊರೆ ಹೊರಲಾರದು. ಕಾಲು ಕುಂಟತೊಡಗಿದಾಗ, ಕಣ್ಣು ಮಂಜಾದಾಗ, ಎಲುಬು ಎಣಿಸುವ ಹಾಗಾದಾಗ ಕೆಲವರು ರಾತ್ರೋರಾತ್ರಿ ಅದನ್ನು ಊರ ಹೊರಗೆ ಬಿಟ್ಟುಬರುತ್ತಾರೆ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಒಡ್ಡಿ ಹೀಗೆ ಕೈಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೋಟೆಲಿನಲ್ಲಿ ಒಂದು ತಿಂಡಿಯ ಬೆಲೆ. ಕಾನೂನು ಇಷ್ಟು ಅಗ್ಗವಾಗಿರುವಾಗ ಉಳಿದ ಭಾರವನ್ನು ಮನಸ್ಸಾಕ್ಷಿಯೇ ಹೊರಬೇಕು.

ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಬಿಟ್ಟುಬಂದವರ ಬಗ್ಗೆ ಅಲ್ಲ. ಮರುಗುವವರ ಬಗ್ಗೆ.

ಸಂತೆ ಮೈದಾನದ ಬದಿಯಲ್ಲಿ ಹಸಿದು ನಿಂತ ಮುದಿ ಕುದುರೆಯನ್ನು ನೋಡಿ ಒಬ್ಬರ ಕರುಳು ಚುರ್ ಎನ್ನುತ್ತದೆ ಎಂದುಕೊಳ್ಳಿ. ಅವರು ಏನು ಮಾಡುತ್ತಾರೆ? ಮನೆಗೆ ಓಡಿ ಒಂದು ಬಕೆಟ್ ಹುರುಳಿ ಬೇಯಿಸಿ, ಬೆಲ್ಲ ಕಲಸಿ ಮುಂದಿಡುತ್ತಾರೆ. ಕುದುರೆ ಆತುರಾತುರವಾಗಿ ತಿನ್ನುತ್ತದೆ. ನೋಡಿದವರ ಕಣ್ಣು ತುಂಬುತ್ತದೆ. ಕೆಲವೇ ದಿನಗಳಲ್ಲಿ ಅದು ಸತ್ತುಬಿಡಬಹುದು. ತಿಂಗಳುಗಟ್ಟಲೆ ಉಪವಾಸವಿದ್ದ ದೇಹ ಕೊಬ್ಬನ್ನೆಲ್ಲ ಕರಗಿಸಿ, ಕೊನೆಗೆ ತನ್ನ ಮಾಂಸಖಂಡವನ್ನೇ ತಿಂದು ಉಸಿರು ಹಿಡಿದಿರುತ್ತದೆ. ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲವೂ ತಳ ಮುಟ್ಟಿರುತ್ತವೆ. ಹೊಟ್ಟೆ ತುಂಬ ಕಾಳು ಒಮ್ಮೆಗೇ ಬಿದ್ದಾಗ ದೇಹದಲ್ಲಿ ಇನ್ಸುಲಿನ್ ಏರುತ್ತದೆ; ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಲವಣವೂ ಜೀವಕೋಶಗಳೊಳಗೆ ಸರಿದುಹೋಗುತ್ತದೆ. ಗುಂಡಿಗೆ ಸೋಲುತ್ತದೆ. ಕುದುರೆಗೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಒಳಗೆ ಹೋದದ್ದು ಹಿಂದಕ್ಕೆ ಬರುವ ದಾರಿಯೇ ಇಲ್ಲ.

ಬಲ್ಲವರು ಬೇರೆ ಕ್ರಮ ಹೇಳುತ್ತಾರೆ. ಮೊದಲು ನೆರಳು, ನೀರು, ಪಶುವೈದ್ಯರ ಪರೀಕ್ಷೆ. ಆಮೇಲೆ ಕುದುರೆಮಸಾಲೆ ಸೊಪ್ಪೋ ಒಳ್ಳೆಯ ಒಣಹುಲ್ಲೋ ಸ್ವಲ್ಪವೇ ಸ್ವಲ್ಪ, ನಾಲ್ಕು ಗಂಟೆಗೊಮ್ಮೆ. ರಾತ್ರಿಯೂ ಎದ್ದು ಹಾಕಬೇಕು. ಸುಮಾರು ಹತ್ತು ದಿನಗಳಲ್ಲಿ ಮೆಲ್ಲಮೆಲ್ಲಗೆ ಏರಿಸುತ್ತ ಹೋಗಬೇಕು. ಕಾಳಿನ ಮಾತು ಆಮೇಲೆ. ಮೈ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಬಹಳ ದಿನ ಲಂಘನವಿದ್ದವರಿಗೆ ಹೋಳಿಗೆ ಬಡಿಸದೆ ಗಂಜಿತಿಳಿ ಕೊಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿದ್ದ ವಿಷಯವೇ.

ಬಕೆಟ್ ತುಂಬ ಹುರುಳಿ ಇಡುವುದು ಸುಲಭ. ಅದಕ್ಕೆ ಒಂದು ಗಳಿಗೆಯ ಮರುಕ ಸಾಕು. ನಾಲ್ಕು ಗಂಟೆಗೊಮ್ಮೆ ಹಿಡಿ ಮೇವು ಇಡಲು ಮರುಕ ಸಾಲದು. ನಿಷ್ಠೆ ಬೇಕು, ಅರಿವು ಬೇಕು, ನಿದ್ದೆ ಬಿಡಬೇಕು.

ಮೇವು ಇಟ್ಟರೂ ಕುದುರೆ ಅರ್ಧ ಅಗಿದು ಉಗುಳಿದರೆ? ಮೊಂಡು ಪ್ರಾಣಿ, ಸೊಕ್ಕು ಎಂದುಬಿಡುತ್ತೇವೆ. ಕುದುರೆಯ ಹಲ್ಲು ಬಹುಕಾಲ ಮೇಲಕ್ಕೆ ಬರುತ್ತಲೇ ಇರುತ್ತದೆ, ಸವೆಯುತ್ತಲೇ ಇರುತ್ತದೆ. ಒಂದೇ ಸಮನೆ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊಯ್ಯುತ್ತದೆ. ವೈದ್ಯರು ಅರ ಹಾಕಿ ಉಜ್ಜಿ ಸಮ ಮಾಡಿದರೆ ಅದೇ ಮೊಂಡು ಪ್ರಾಣಿ ನೆಮ್ಮದಿಯಾಗಿ ಮೇಯುತ್ತದೆ. ಗೊರಸನ್ನೂ ಆರೆಂಟು ವಾರಕ್ಕೊಮ್ಮೆ ಕೆತ್ತಿಸಬೇಕು. ಕೆತ್ತಿಸದೆ ಬಿಟ್ಟರೆ ಅದು ಅಡ್ಡಾದಿಡ್ಡಿ ಬೆಳೆದು ಹೆಜ್ಜೆ ಹೆಜ್ಜೆಗೂ ನೋವು. ಆ ನೋವಿನಲ್ಲಿ ಒದ್ದರೆ, ದುಷ್ಟ ಕುದುರೆ ಎಂಬ ಹೆಸರು.

ಈ ಮಾತು ಕುದುರೆ ಲಾಯಕ್ಕೆ ಮಾತ್ರ ಸಲ್ಲುವುದೇ? ಮನೆಯಲ್ಲಿ ವಯಸ್ಸಾದ ತಂದೆ ತಟ್ಟೆಯಲ್ಲಿ ರೊಟ್ಟಿ ಬಿಟ್ಟರೆ ‘ಅಪ್ಪನಿಗೆ ನಾಲಿಗೆ ಚಪಲ, ಯಾವುದೂ ಸೇರುವುದಿಲ್ಲ’ ಎನ್ನುತ್ತೇವೆ. ವಸಡು ನೋಯುತ್ತಿದೆಯೇ ಎಂದು ಕೇಳಿದವರು ಎಷ್ಟು ಮಂದಿ? ತಾಯಿ ಸಿಡುಕಿದರೆ ‘ಅವ್ವಂದು ಈಗೀಗ ಅತಿಯಾಯ್ತು’ ಎನ್ನುತ್ತೇವೆ. ಮಂಡಿನೋವಿಗೆ ರಾತ್ರಿಯಿಡೀ ನಿದ್ದೆ ಬಂದಿಲ್ಲ ಎಂಬುದು ನಮಗೆ ತಿಳಿದೇ ಇರುವುದಿಲ್ಲ. ಮುಪ್ಪಿನ ಎಷ್ಟೋ ಸಂಕಟಗಳಿಗೆ ನಾವು ಸ್ವಭಾವದ ಹೆಸರು ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಯುಗಾದಿಗೋ ದೀಪಾವಳಿಗೋ ಬೆಂಗಳೂರಿನಿಂದ ಬಂದು ಸೀರೆ, ಸ್ವೀಟ್ ಬಾಕ್ಸ್, ಹಣ್ಣಿನ ಬುಟ್ಟಿ ಇಟ್ಟು ಕಾಲಿಗೆ ಬಿದ್ದು ಹೊರಡುತ್ತೇವೆ. ಅದು ಪ್ರೀತಿಯೇ, ಸುಳ್ಳಲ್ಲ. ಆದರೆ ಬಕೆಟ್ ಹುರುಳಿಯ ಪ್ರೀತಿ. ದಿನಾ ಸಂಜೆ ಒಂದು ಫೋನು, ಹೊತ್ತಿಗೆ ಸರಿಯಾಗಿ ಮಾತ್ರೆ, ತಿಂಗಳಿಗೊಮ್ಮೆ ಆಸ್ಪತ್ರೆ: ಹಿಡಿ ಮೇವಿನ ಪ್ರೀತಿ ಎಂದರೆ ಅದು.

1959ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ದೆಹಲಿಯ ರಸ್ತೆ ಬದಿಯಲ್ಲಿ ಸಾಯುತ್ತ ಬಿದ್ದಿದ್ದ ಕುದುರೆಯೊಂದನ್ನು ಕಂಡರು. ಜೀವ ಇರುವಾಗಲೇ ಕಾಗೆಗಳು ಅದರ ಕಣ್ಣು ಕುಕ್ಕಿದ್ದವು. ಆ ಕುದುರೆಯನ್ನು ಉಳಿಸುವಂತಿರಲಿಲ್ಲ. ಅತ್ತು ಮುಂದೆ ಹೋಗಬಹುದಿತ್ತು. ಅವರು ಈ ದೇಶದಲ್ಲೇ ಉಳಿದರು. ದೆಹಲಿಯಲ್ಲಿ, ಆಮೇಲೆ ಜೈಪುರದಲ್ಲಿ ಪ್ರಾಣಿಗಳಿಗೆ ಆಸರೆ ಕಟ್ಟಿದರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಸಂಸ್ಥೆ ಆರಂಭಿಸಿದರು. ಐದು ವರ್ಷಗಳ ನಂತರ ತೀರಿಕೊಂಡರು. ಒಂದು ದಿನದ ಸಂಕಟವನ್ನು ಅವರು ಮೂವತ್ತಕ್ಕೂ ಹೆಚ್ಚು ವರ್ಷಗಳ ದಿನಚರಿಯನ್ನಾಗಿ ಮಾಡಿಕೊಂಡರು. ಅವರ ದೊಡ್ಡತನ ಇರುವುದು ಅಲ್ಲಿ.

ಇದೇನೂ ಹೊರಗಿನಿಂದ ಬಂದ ಪಾಠವಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತಿಗೆ ನಡೆದುಕೊಳ್ಳಬೇಕು, ಜೀವಿಗಳ ವಿಷಯದಲ್ಲಿ ದೃಢವಾಗಿರಬೇಕು, ಸತ್ಯ ನುಡಿಯಬೇಕು ಎಂಬ ಅರ್ಥದ ಮಾತುಗಳು ಅಲ್ಲಿ ಒಂದರ ಪಕ್ಕ ಒಂದು ಇವೆ. ಹೆತ್ತವರೂ ಮೂಕಪ್ರಾಣಿಯೂ ಒಂದೇ ಬಂಡೆಯ ಮೇಲೆ ಜೊತೆಯಾಗಿ ನಿಂತಿದ್ದಾರೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈ ಬಯಲುಸೀಮೆಯ ಜನರಿಗೆ ಹೇಳಿದ ಮಾತು ಅದು.

ಹೊನ್ನಾಳಿ, ನ್ಯಾಮತಿ ಕಡೆಯ ಹೋರಿ ಹಬ್ಬದವರನ್ನು ನೋಡಿ. ಗೆದ್ದ ಹೋರಿಗೆ ವಯಸ್ಸಾಯಿತೆಂದು ಮಾರದೆ ಕೊನೆಯವರೆಗೂ ಸಾಕುವ ಮನೆಗಳಿವೆ. ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುವವರಿದ್ದಾರೆ. ಆ ಮರ್ಯಾದೆ ಗೆದ್ದ ಹೋರಿಗಷ್ಟೇ ಮೀಸಲಾಗದೆ ಹೆಸರಿಲ್ಲದೆ ದುಡಿದ ಎತ್ತು, ಕತ್ತೆ, ಕುದುರೆಗಳಿಗೂ ದಕ್ಕಲಿ.

ನೋವಿನಲ್ಲಿರುವ ಪ್ರಾಣಿ ಕಂಡರೆ 1962ಕ್ಕೆ ಕರೆ ಮಾಡಿ, ಪಶುಸಂಚಾರಿ ಚಿಕಿತ್ಸಾ ವಾಹನ ಕೇಳಬಹುದು. ಊರಿನ ಪಶು ಆಸ್ಪತ್ರೆಗೆ ಹೇಳಬಹುದು. ಪರೀಕ್ಷೆ ಆಗುವವರೆಗೆ ಹೊಸ ಕುದುರೆಯನ್ನು ಬೇರೆ ಪ್ರಾಣಿಗಳ ಜೊತೆ ಕಟ್ಟಬಾರದು. ಮನುಷ್ಯರಿಗೂ ತಗಲುವ ಗ್ಲಾಂಡರ್ಸ್‌ನಂಥ ರೋಗ ಇದ್ದೀತು. ಉಳಿಯದ ಜೀವಕ್ಕೆ ವೈದ್ಯರ ಕೈಯಲ್ಲಿ ನೋವಿಲ್ಲದ ಕೊನೆ ಸಿಗುವಂತೆ ನೋಡುವುದೂ ದಯೆಯೇ. ಇಷ್ಟು ಎಲ್ಲರ ಕೈಯಲ್ಲೂ ಆಗುವ ಕೆಲಸ.

ದುಡಿಯುವವರೆಗೆ ಬೆಲೆ ಕಟ್ಟುವುದು ಸಂತೆಯ ಲೆಕ್ಕ. ದುಡಿಮೆ ನಿಂತ ಮೇಲೂ ಹೊತ್ತು ತಪ್ಪದೆ ಮೇವು ಇಡುವುದು ಮನೆತನದ ಲೆಕ್ಕ. ನಾವು ಯಾವ ಲೆಕ್ಕದವರು ಎಂಬುದು ಇವತ್ತು ಈ ಮಾತು ಕೇಳಿ ಎಷ್ಟು ಕರಗಿದೆವು ಎಂಬುದರಿಂದ ತಿಳಿಯುವುದಿಲ್ಲ. ಇನ್ನೊಂದು ತಿಂಗಳು ಕಳೆದ ಮೇಲೂ ಏನು ಮಾಡುತ್ತಿದ್ದೇವೆ ಎಂಬುದರಿಂದ ತಿಳಿಯುತ್ತದೆ.