ಗಾಳದ ನೊಣ ಕಟ್ಟುವ ಪಾಠ



ವಾರವಿಡೀ ಬ್ಯಾಂಕಿನಲ್ಲಿ ಪರರ ಹಣವೆಣಿಸುವ ಗುಮಾಸ್ತನೊಬ್ಬ ಭಾನುವಾರ ಬಂತೆಂದರೆ ಕೋಳಿಪುಕ್ಕ, ದಾರಗಳನ್ನು ಹರಡಿಕೊಂಡು ಕೂರುತ್ತಾನೆಂದು ಕೇಳಿ ನಮ್ಮ ಕಾರ್ಯದರ್ಶಿಗಳಿಗೆ ಕುತೂಹಲ ಹುಟ್ಟಿತಂತೆ. ಅದರ ಫಲವನ್ನು ತಾವು ಈಗ ಅನುಭವಿಸಬೇಕಾಗಿದೆ.

ಎರೆಹುಳು ಚುಚ್ಚಿ ಮೀನು ಹಿಡಿಯುವುದನ್ನು ನಾವೆಲ್ಲರೂ ಊರ ಕೆರೆಯಲ್ಲಿ ಕಂಡವರೇ. ಇದು ಅದಲ್ಲ. ಕೊಕ್ಕೆಗೆ ಪುಕ್ಕ, ಉಣ್ಣೆಗಳನ್ನು ದಾರದಿಂದ ಕಟ್ಟಿ, ಹುಳುವಿನ ರೂಪ ತಂದು ಮೀನನ್ನು ಭ್ರಮೆಗೊಳಿಸುವ ವಿದ್ಯೆ. ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಪುಕ್ಕಗಳನ್ನು ಸೇರಿಸಿ ಮೀನು ಹಿಡಿಯುತ್ತಿದ್ದರೆಂದು ರೋಮಿನ ಈಲಿಯನ್ ಸುಮಾರು 1800 ವರ್ಷಗಳ ಹಿಂದೆ ಬರೆದಿಟ್ಟಿದ್ದಾನೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಒಂದು ಪ್ರಬಂಧದಲ್ಲಿ ಹನ್ನೆರಡು ನೊಣಗಳ ವಿವರವಿದೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೂ ಹಿಂದೆ ಬಿದ್ದವನಲ್ಲ. ಹನ್ನೆರಡನೆಯ ಶತಮಾನದ ಅವನ ‘ಮಾನಸೋಲ್ಲಾಸ’ದಲ್ಲಿ ಗಾಳದ ವಿಷಯವಾಗಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ.

ನನಗೆ ಈ ಹುಚ್ಚು ಹಿಡಿದದ್ದು ಹಿಮಾಚಲದ ತೀರ್ಥನ್ ನದಿಯ ದಡದಲ್ಲಿ, ರಜದಲ್ಲಿ ಹೋಗಿದ್ದಾಗ. ಅಲ್ಲಿ ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಟ್ರೌಟ್ ಮೀನುಗಳಿವೆ. ಅವು ಮೊಟ್ಟೆಯಿಡುವ ಕಾಲವೆಂದು ನವೆಂಬರ್ 1ರಿಂದ ಫೆಬ್ರವರಿಯ ಕೊನೆಯವರೆಗೆ ಹಿಡಿಯಬಾರದೆಂಬ ಕಟ್ಟಳೆ. ನಮಗೆ ರಾಜ್ಯೋತ್ಸವದ ದಿನ, ಮೀನಿಗೆ ಅಭಯದ ದಿನ! ದೆಹಲಿಯ ಚಳಿಯ ಆ ನಾಲ್ಕು ತಿಂಗಳೇ ನೊಣ ಕಟ್ಟಲು ಪ್ರಶಸ್ತ.

ಕಳೆದ ಚಳಿಗಾಲ ನಮ್ಮ ಬಡಾವಣೆಯ ಐದಾರು ಕನ್ನಡದ ಮಕ್ಕಳು ಕಲಿಯಬಂದರು. ಮೊದಲ ಪಾಠಕ್ಕೆ ನಾನು ಆರಿಸಿಕೊಂಡದ್ದು ವೂಲಿ ಬಗರ್. 1967ರಲ್ಲಿ ಪೆನ್ಸಿಲ್ವೇನಿಯದ ರಸೆಲ್ ಬ್ಲೆಸಿಂಗ್ ಎಂಬಾತ ಕಟ್ಟಿದ ಮಾದರಿ. ದೊಡ್ಡ ಕೊಕ್ಕೆ, ಮೆತ್ತನೆಯ ಪುಕ್ಕದ ಬಾಲ, ಬಿರುಸುನೂಲಿನ ಮೈ, ಅದರ ಮೇಲೆ ಬಳ್ಳಿಯಂತೆ ಸುತ್ತಿದ ಹುಂಜದ ಗರಿ, ಇಷ್ಟೇ. ಸ್ವಲ್ಪ ಸೊಟ್ಟಗಾದರೂ ಮೀನು ತಕರಾರು ಮಾಡುವುದಿಲ್ಲ. ಇದೊಂದನ್ನೇ ಹತ್ತು ಹನ್ನೆರಡು ಸಲ ಕಟ್ಟಿಸಬೇಕು. ಮಕ್ಕಳು ಎರಡನೆಯದಕ್ಕೇ ಹೊಸದು ಕೇಳುತ್ತಾರೆ, ಕೊಡಬಾರದು. ಕೊಕ್ಕೆಯ ಕಣ್ಣಿನ ಹಿಂದೆ ಕೊಂಚ ಜಾಗ ಬಿಡಿರೆಂದು ಎಷ್ಟು ಸಾರಿದರೂ ಎಲ್ಲರೂ ಅಲ್ಲಿಯವರೆಗೂ ತುಂಬುತ್ತಾರೆ, ಕಡೆಗೆ ಗಂಟು ಹಾಕಲು ಸ್ಥಳವಿರುವುದಿಲ್ಲ. ತಿಂಗಳ ಮೊದಲ ವಾರದಲ್ಲೇ ಸಂಬಳ ಮುಗಿಸುವವರ ಕಥೆಯೂ ಇದೇ ಅಲ್ಲವೆ?

ಅತಿ ಕಷ್ಟವೆಂದರೆ ಬಾಲ ಕೂರಿಸುವುದು. ದಾರವನ್ನು ಎಳೆದರೆ ಪುಕ್ಕವೂ ಅದರೊಡನೆ ತಿರುಗಿ ಕೊಕ್ಕೆಯ ಆಚೆ ಬದಿಗೆ ಜಾರುತ್ತದೆ. ಏಳನೆಯ ತರಗತಿಯ ಹುಡುಗನೊಬ್ಬ ಇದರಲ್ಲೇ ಸಿಕ್ಕಿಕೊಂಡ. ನಾನು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಪ್ರತಿಸಲವೂ ಅವನ ಕೈಯಿಂದ ಕಸಿದು ನಾನೇ ಸರಿಪಡಿಸಿ ಕೊಡುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆಂದೇ ಎಣಿಸಿದ್ದೆ. ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ. ವಿಚಾರಿಸಲು ಹೋದರೆ, “ಅಂಕಲ್, ಅದು ನಾನು ಕಟ್ಟಿದ್ದಲ್ಲವಲ್ಲ” ಎಂದ. ನನಗೆ ಉತ್ತರ ತೋಚಲಿಲ್ಲ.

ಅಲ್ಲೇ ಕುಳಿತಿದ್ದ ಅವನ ಅಜ್ಜಿ ಮೈಸೂರಿನ ಕಡೆಯವರು, ಮಡಿವಂತರು. “ಜೀವ ತೆಗೆಯೋ ವಿದ್ಯೆ ಮಗೂಗೆ ಯಾಕಪ್ಪ ಹೇಳಿಕೊಡ್ತೀಯ?” ಎಂದು ನೇರವಾಗಿಯೇ ಕೇಳಿದರು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡುತ್ತೇವೆ, ಹಿಡಿದ ಮೀನನ್ನು ನೀರಿಗೇ ಬಿಡುತ್ತೇವೆ ಎಂದೆ. “ಅದಕ್ಕೆ ನೋವಾಗಲ್ವೆ?” ಎಂದರು. ಆಗುವುದಿಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಆದರೂ ಮೊಮ್ಮಗ ಕೊಕ್ಕೆ ಹಿಡಿದು ಪರದಾಡುವುದನ್ನು ನೋಡಿ ಅಜ್ಜಿಗೆ ತಡೆಯಲಾಗಲಿಲ್ಲ. ಮಡಿಲಲ್ಲಿದ್ದ ಮಲ್ಲಿಗೆಯನ್ನು ತೋರಿಸಿ, “ಹೂ ಕಟ್ಟೋ ಹಾಗೇ ಕಣೋ ಇದು. ಬೆರಳ ಸಂದೀಲಿ ತೊಟ್ಟು ಅದುಮಿಕೋ. ದಾರ ಮೊದಲು ಸಡಿಲವಾಗಿ ಬರಲಿ, ಸುತ್ತು ಕೂತ ಮೇಲೆ ಎಳಿ. ಮೊದಲೇ ಎಳೆದರೆ ಹೂವು ತಿರುಗತ್ತೆ” ಎಂದರು. ನಾನು ಮೂರು ವಾರ ಇಂಗ್ಲಿಷ್ ಬೆರೆಸಿ ಹೇಳಿದ್ದೂ ಇದನ್ನೇ! ಹೆಬ್ಬೆರಳು ತೋರುಬೆರಳುಗಳ ನಡುವೆ ಪುಕ್ಕವನ್ನೂ ದಾರದ ಕುಣಿಕೆಯನ್ನೂ ಒಟ್ಟಿಗೆ ಹಿಡಿದು ನಿಧಾನವಾಗಿ ಬಿಗಿಯುವುದು. ಹುಡುಗ ಅಜ್ಜಿಯ ಪಕ್ಕ ಕುಳಿತು ಮೊದಲು ಒಂದು ಮೊಳ ಹೂ ಕಟ್ಟಿದ, ಆಮೇಲೆ ಬಾಲ. ನೆಟ್ಟಗೆ ನಿಂತಿತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ.

ಈಗ ನನ್ನ ತರಗತಿಯಲ್ಲಿ ಹೊಸಬರಿಗೆ ಮೊದಲ ದಿನ ಹೂವು ಕಟ್ಟಿಸುತ್ತೇನೆ. ಬಿಗಿ, ಸಡಿಲು, ಸುತ್ತು, ಕುಣಿಕೆ, ಎಳೆ ಎಂಬ ಮಾತುಗಳು ಹಿಂದಿಯಲ್ಲೇ ಆಡಿಕೊಳ್ಳುವ ಮಕ್ಕಳ ಬಾಯಲ್ಲೂ ತಾವಾಗಿ ಬರುತ್ತವೆ.

ಅಜ್ಜಿ ಮಾತ್ರ ಇನ್ನೂ ಒಪ್ಪಿಲ್ಲ. ಮೊಮ್ಮಗನ ಆ ಮೊದಲ ನೊಣವನ್ನು ತಮ್ಮ ಹೊಲಿಗೆಯ ಡಬ್ಬಿಯಲ್ಲಿಟ್ಟು ಮುಚ್ಚಿದ್ದಾರೆ. ಮಾರ್ಚಿಯಲ್ಲಿ ತೀರ್ಥನ್‌ಗೆ ಹೋಗುವಾಗ ಕೊಡುತ್ತೀರಾ ಎಂದು ಹುಡುಗ ಕೇಳಿದರೆ, “ಆಗ ನೋಡೋಣ” ಎನ್ನುತ್ತಾರೆ.